ಮಳೆ ಲೆಕ್ಕ, ಆನೆ ಸುದ್ದಿ: ದಿನಚರಿಯ ಪುಟಗಳು

ಬಾಳ್ಳುಪೇಟೆ
ಜೂನ್ 23, 2024, ಭಾನುವಾರ

ಪೈಥಾನ್ 3.8ರ ಆಯುಸ್ಸು ಈ ಅಕ್ಟೋಬರ್‌ಗೆ ಮುಗಿಯುತ್ತದೆ. ನಮ್ಮ ಮಳೆ ಲೆಕ್ಕದ ಆ್ಯಪ್ ಓಡುತ್ತಿರುವುದು ಅದರ ಮೇಲೆಯೇ. ಅಕ್ಟೋಬರ್ ಕಳೆದ ಮಾರನೆಯ ದಿನ ಏನೂ ನಿಂತುಹೋಗುವುದಿಲ್ಲ, ಓಡುವುದು ಓಡುತ್ತಲೇ ಇರುತ್ತದೆ. ಆದರೆ ಭದ್ರತೆಯ ತೂತೊಂದು ಕಾಣಿಸಿಕೊಂಡರೆ ಮುಚ್ಚುವವರು ಇರುವುದಿಲ್ಲ. ನಾವು ನೆಚ್ಚಿಕೊಂಡ ಲೈಬ್ರರಿಗಳನ್ನು ಬರೆಯುವವರೂ ಒಬ್ಬೊಬ್ಬರಾಗಿ 3.8ರ ಕೈಬಿಡುತ್ತಾರೆ. ಹಾಗೆ ಕೈಬಿಟ್ಟ ಯಂತ್ರಗಳು ಎಷ್ಟು ವರ್ಷ ಬೇಕಾದರೂ ಸದ್ದಿಲ್ಲದೆ ಓಡುತ್ತವೆ. ಪೈಥಾನ್ 2 ಅಧಿಕೃತವಾಗಿ ಮುಗಿದದ್ದು 2020ರ ಜನವರಿ 1ಕ್ಕೆ, ಆಮೇಲೂ ಅದನ್ನೇ ನಂಬಿಕೊಂಡ ಕಚೇರಿಗಳನ್ನು ಕಂಡಿದ್ದೇನೆ. ನಮ್ಮದು ಹಾಗಾಗಬಾರದು.

ಆ್ಯಪ್ ಸಣ್ಣದು. ಸುತ್ತಿನ ತೋಟಗಳ ರೈಟರ್‌ಗಳು ಬೆಳಿಗ್ಗೆ ಮಳೆ ಮಾಪಕ ನೋಡಿ ಅಂಕಿ ಹಾಕುತ್ತಾರೆ. ನಮ್ಮ ಕಡೆ ಲೆಕ್ಕ ಇಂಚು, ಸೆಂಟಿನಲ್ಲಿ: ನೂರು ಸೆಂಟಿಗೆ ಒಂದು ಇಂಚು. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ, ಇಂಚಿಗೆ 25.4. ಎರಡೂ ತೋರಿಸಬೇಕು. ಎರಡನೆಯ ಕೆಲಸ ಆನೆಯದು. ಅರಣ್ಯ ಇಲಾಖೆಯಿಂದ ಆನೆಗಳು ಎಲ್ಲಿವೆ ಎಂಬ ಸುದ್ದಿ ಬಂದ ಕೂಡಲೇ ಆ ಭಾಗದ ತೋಟದ ಕೆಲಸಗಾರರ ಲೈನ್ ಮನೆಗಳ ಫೋನುಗಳಿಗೆ ದನಿ ಕರೆ ಹೋಗುತ್ತದೆ. ಈಗ ಹಲಸಿನ ಕಾಲ. ಹಣ್ಣಿನ ವಾಸನೆಗೆ ಆನೆ ತೋಟದೊಳಗೇ ನಿಲ್ಲುತ್ತದೆ. ಕತ್ತಲೆ ಹರಿಯುವ ಮುಂಚೆ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಆ ಕರೆ ತಲುಪಲೇಬೇಕು. ಇಡೀ ಆ್ಯಪಿನಲ್ಲಿ ನನಗೆ ಮುಖ್ಯವಾದದ್ದು ಅದೊಂದೇ.

ಜುಲೈ 14, ಭಾನುವಾರ

ಪುನರ್ವಸು ಮಳೆ ಬಿಡುವು ಕೊಡುತ್ತಿಲ್ಲ. ಹೊರಗೆ ಹೋಗುವ ಹಾಗಿಲ್ಲವಾದ್ದರಿಂದ ಲ್ಯಾಪ್‌ಟಾಪಿನಲ್ಲಿ 3.12 ಹಾಕಿ ಹಳೆಯ ಕೋಡನ್ನು ಓಡಿಸಿ ನೋಡಿದೆ. ಮೊದಲಿಗೇ ಸಿಕ್ಕಿಕೊಂಡದ್ದು ದನಿ ಕರೆಗೆ ಬಳಸುವ ಹಳೆಯ ಲೈಬ್ರರಿ. ಅದು ತನ್ನ ಸ್ಥಾಪನೆಗೆ ಡಿಸ್ಟ್‌ಯುಟಿಲ್ಸ್ ಕೇಳುತ್ತದೆ, 3.12ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಲೈಬ್ರರಿ ಬರೆದವರು ಬಹಳ ದಿನದಿಂದ ಅತ್ತ ತಲೆ ಹಾಕಿದಂತಿಲ್ಲ. ಅದನ್ನು ಬಿಟ್ಟು, ಬೇಕಾದ ಮೂರು ಕರೆಗಳನ್ನು ನೇರವಾಗಿ ನಾನೇ ಬರೆದೆ. ಪರರ ಕೋಡು ಎಷ್ಟು ಕಡಿಮೆಯೋ ಅಷ್ಟು ನೆಮ್ಮದಿ ಎಂಬ ಮಾತು ವರ್ಷ ಕಳೆದಂತೆಲ್ಲ ಹೆಚ್ಚು ನಿಜ ಅನಿಸುತ್ತಿದೆ.

ಸ್ಕ್ರಿಪ್ಟ್ ಭಾಷೆಯ ಕಷ್ಟವೆಲ್ಲ ಇಲ್ಲಿಯೇ. ಸಿ ಭಾಷೆಯಲ್ಲಿ ಬರೆದದ್ದನ್ನು ಕಂಪೈಲ್ ಮಾಡಿದರೆ ಯಂತ್ರಕ್ಕೆ ನೇರವಾಗಿ ಅರ್ಥವಾಗುವ ಕಡತ ಕೈಗೆ ಬರುತ್ತದೆ. ಪೈಥಾನ್, ಪಿಎಚ್‌ಪಿ, ರೂಬಿ, ಪರ್ಲ್‌ಗಳಲ್ಲಿ ನಾವು ಕಳಿಸುವುದು ಬರಿಯ ಪಠ್ಯ. ಅದನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಆ ಕಡೆ ಇರಬೇಕು, ಅದೇ ಆವೃತ್ತಿಯದಾಗಿರಬೇಕು, ಲೈಬ್ರರಿಗಳೂ ಅವೇ ಆವೃತ್ತಿಯವಾಗಿರಬೇಕು, ಕೆಲವಕ್ಕೆ ಒಳಗೆ ಸಿ ಕೋಡು ಇರುವುದರಿಂದ ಯಂತ್ರದ ಜಾತಿಯೂ ಹೊಂದಬೇಕು. ಇಲ್ಲಿ ಓಡಿದ್ದು ಅಲ್ಲಿ ಓಡದಿರುವುದಕ್ಕೆ ಎಷ್ಟು ದಾರಿಗಳು!

ಕಂಟೇನರ್ ಬಂದದ್ದು ಈ ಕಷ್ಟಕ್ಕೆ: ಕೋಡು, ಇಂಟರ್‌ಪ್ರಿಟರ್, ಲೈಬ್ರರಿ ಎಲ್ಲ ಒಂದೇ ಕಟ್ಟಿನಲ್ಲಿ. ಅದನ್ನು ಕಟ್ಟಿ ಓಡಿಸುವ ಡಾಕರ್ ಅನ್ನು ಮೊದಲು ಜನರೆದುರು ತೋರಿಸಿದ್ದು 2013ರ ಮಾರ್ಚ್‌ನಲ್ಲಿ, ಅದೂ ಪೈಥಾನ್ ಬಳಗದವರ ಸಮ್ಮೇಳನದಲ್ಲಿ. ಚಿಕ್ಕಪ್ಪನಿಗೆ ಇದನ್ನು ಹೇಳಬೇಕಾಗಿ ಬಂದಾಗ ನರ್ಸರಿಯ ಕಾಫಿ ಗಿಡವನ್ನು ತೋರಿಸಿದೆ. ಬೇರು ಜಾಡಿಸಿ ಕಿತ್ತು ಒಯ್ದ ಗಿಡ ಹೊಸ ಮಣ್ಣಿಗೆ ಹೊಂದಬಹುದು, ಹೊಂದದೆಯೂ ಇರಬಹುದು. ಬುಟ್ಟಿಯ ಮಣ್ಣಿನ ಸಮೇತ ಒಯ್ದದ್ದು ಮೊದಲ ವಾರ ತನ್ನ ಮಣ್ಣಿನಲ್ಲಿಯೇ ಇರುತ್ತದೆ. "ಹಾಗಾದ್ರೆ ಬುಟ್ಟಿ ಮಣ್ಣಿನಲ್ಲೇ ರೋಗ ಇದ್ರೆ ಅದೂ ಜೊತೆಗೇ ಹೋಯ್ತಲ್ಲ ಮಗಾ" ಅಂದರು. ಸರಿಯಾದ ಪ್ರಶ್ನೆ. ಕಂಟೇನರ್ ಕಟ್ಟಿ ಮರೆತವರ ಕಥೆಯೇ ಅದು. ತಳದ ಪದರ ಹಳತಾಗುತ್ತದೆ, ತೂತುಗಳೂ ಜೊತೆಯಲ್ಲಿ ಉಳಿಯುತ್ತವೆ. ತಿಂಗಳಿಗೊಮ್ಮೆ ಮೊದಲಿನಿಂದ ಕಟ್ಟಬೇಕೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಜುಲೈ 20, ಶನಿವಾರ

ನಿನ್ನೆ ಬೆಳಿಗ್ಗೆ ನಮ್ಮ ಗಡಿಯಾರದ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಹೊಸ ಕಡತವೊಂದು ಹೊರಟಿತಂತೆ. ಅದನ್ನು ಓದಿದ ವಿಂಡೋಸ್ ಯಂತ್ರಗಳೆಲ್ಲ ನೀಲಿ ಪರದೆಗೆ ಬಿದ್ದವು. ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸಿನ ಚಿತ್ರ ಎಲ್ಲರ ಫೋನಿನಲ್ಲೂ. ತಪ್ಪು ಗೊತ್ತಾಗಿ ಕಡತವನ್ನು ಹಿಂದೆ ತೆಗೆದುಕೊಳ್ಳಲು 78 ನಿಮಿಷ ಹಿಡಿಯಿತು. ಅಷ್ಟರಲ್ಲಿ ಆದದ್ದು ಆಗಿತ್ತು, ಏಕೆಂದರೆ ಕಡತ ಎಲ್ಲರಿಗೂ ಒಟ್ಟಿಗೇ ಹೋಗಿತ್ತು.

ನಮ್ಮ ಸರ್ವರ್ ಲಿನಕ್ಸಿನದು, ಅದಕ್ಕೇನೂ ಆಗಲಿಲ್ಲ. ಆದರೂ ರಾತ್ರಿಯೆಲ್ಲ ಯೋಚನೆ ಅದೇ. ಹೊಸ ಆವೃತ್ತಿಯನ್ನು ಮೊದಲು ಎರಡೇ ತೋಟಕ್ಕೆ ಕೊಡುವುದು, ಒಂದು ವಾರ ನೋಡುವುದು, ಆಮೇಲೆ ಉಳಿದವರಿಗೆ. ಅಲ್ಲಿಯವರೆಗೆ ಹಳೆಯ ಯಂತ್ರ ಪಕ್ಕದಲ್ಲೇ ಜೀವಂತ ಇರಬೇಕು. ಇನ್ನೊಂದು: ಪುಷ್ಯದ ಮಳೆ ಶುರುವಾಗಿರುವ ಈ ದಿನಗಳಲ್ಲಿ ಏನನ್ನೂ ಬದಲಿಸುವುದು ಬೇಡ. ಸೆಪ್ಟೆಂಬರ್ ಬರಲಿ.

ಜುಲೈ 27, ಶನಿವಾರ

ನಿನ್ನೆ ಸಂಜೆ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದಿದೆ. ಮಂಗಳೂರಿನ ರೈಲು ಇಲ್ಲ. ಶಿರಾಡಿ ರಸ್ತೆಗೂ ಈ ತಿಂಗಳು ದೊಡ್ಡತಪ್ಲು ಹತ್ತಿರ ಗುಡ್ಡ ಕುಸಿದಿತ್ತು. ಕರೆಂಟಿಲ್ಲ. ಟವರಿನ ಬ್ಯಾಟರಿ ಮುಗಿದು ಹೆತ್ತೂರು ಕಡೆಯ ತೋಟಗಳಿಂದ ಸುದ್ದಿಯೇ ಇರಲಿಲ್ಲ. ಇವತ್ತು ಮಧ್ಯಾಹ್ನ ಸಿಗ್ನಲ್ ಬಂದದ್ದೇ ತಡ, ಹಿಡಿದಿಟ್ಟುಕೊಂಡಿದ್ದ ಅಂಕಿಗಳೆಲ್ಲ ಒಮ್ಮೆಗೇ ಬಂದವು. ಕೆಲವು ಎರಡು ಸಲ, ಕೆಲವು ಮೂರು ಸಲ. ಉತ್ತರ ಬರುವ ಮೊದಲೇ ಸಿಗ್ನಲ್ ಹೋಗಿ ಫೋನು ಮತ್ತೆ ಮತ್ತೆ ಕಳಿಸಿದೆ.

ಒಂದೂ ಎರಡಾಗಲಿಲ್ಲ. ತೋಟದ ಗುರುತು ಮತ್ತು ಮಳೆಯ ತಾರೀಕು ಸೇರಿದ ಜೋಡಿ ಡೇಟಾಬೇಸಿನಲ್ಲಿ ಒಂದೇ ಇರಬೇಕೆಂಬ ನಿಯಮ ಅಲ್ಲೇ ಇದೆ. ಎರಡನೆಯದು ಬಂದರೆ ಮೊದಲಿನದರ ಮೇಲೆ ಕೂರುತ್ತದೆ. ಮಳೆ ಬಿದ್ದ ದಿನ ಬೇರೆ, ಅಂಕಿ ನಮಗೆ ತಲುಪಿದ ದಿನ ಬೇರೆ, ಎರಡನ್ನೂ ಬೇರೆ ಬೇರೆ ಬರೆದಿಡುತ್ತೇವೆ. ಕ್ಲೌಡಿನ ಪುಸ್ತಕಗಳೆಲ್ಲ ಸರ್ವರ್ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆಂದು ಹೇಳುತ್ತವೆ. ಘಟ್ಟದಲ್ಲಿ ಬೀಳುವುದು ಈ ಕಡೆಯ ತುದಿ. ಮುಂಬೈಯಲ್ಲಿರುವ ನಮ್ಮ ಸರ್ವರ್ ಈ ಮಳೆಗಾಲದಲ್ಲಿ ಒಂದು ಗಳಿಗೆಯೂ ನಿಂತಿಲ್ಲ. ಕಟ್ಟಬೇಕಾದದ್ದು ತಡವಾಗಿ ಬರುವವರಿಗೆ, ಎರಡು ಸಲ ಬರುವವರಿಗೆ ಜಾಗ ಮಾಡಿಕೊಡುವ ಆ್ಯಪನ್ನು. ಪುಟವೂ ಹಗುರವಾಗಿರಬೇಕು. ಚಿತ್ರವಿಲ್ಲ, ಫಾಂಟ್ ಕಳಿಸುವುದಿಲ್ಲ, ಫೋನಿನಲ್ಲಿರುವ ಕನ್ನಡ ಫಾಂಟೇ ಸಾಕು.

ಆಗಸ್ಟ್ 18, ಭಾನುವಾರ

ಕರೆಯ ಬದಲು ಎಸ್‌ಎಂಎಸ್ ಕಳಿಸಬಾರದೇ, ಅಗ್ಗವಲ್ಲವೇ ಎಂದು ತೋಟದ ಮಾಲೀಕರೊಬ್ಬರು ಕೇಳಿದರು. ಕೂತು ಲೆಕ್ಕ ಹಾಕಿ ತೋರಿಸಿದೆ. ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160 ಅಕ್ಷರ. ಕನ್ನಡಕ್ಕೆ 70 ಮಾತ್ರ, ಅದೂ ಕಣ್ಣಿಗೆ ಕಾಣುವ ಅಕ್ಷರ ಅಲ್ಲ: ಕೊಂಬು, ಏತ್ವ, ಸೊನ್ನೆ, ಒತ್ತಿನ ಅರ್ಧ ಎಲ್ಲವೂ ಬೇರೆ ಬೇರೆ ಎಣಿಕೆ. 'ಸಕಲೇಶಪುರ' ಬರೆದರೆ 8. 'ಕೆಂಚಮ್ಮನ ಹೊಸಕೋಟೆ' ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 16. ಜೊತೆಗೆ ಟ್ರಾಯ್ ನಿಯಮದ ಪ್ರಕಾರ ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಿಕೊಂಡಿರಬೇಕು. ಇವತ್ತು ಸಲಗ ಒಂಟಿಯಾಗಿದೆ, ಮದದಲ್ಲಿದೆ ಎಂದು ಹೊಸದಾಗಿ ಸೇರಿಸಬೇಕಾದರೆ ಮತ್ತೆ ಅರ್ಜಿ.

ಅದಕ್ಕಿಂತ ದೊಡ್ಡ ಕಾರಣ, ಲೈನ್ ಮನೆಗಳಲ್ಲಿ ಈಗ ಅರ್ಧಕ್ಕರ್ಧ ಅಸ್ಸಾಂ ಕಡೆಯವರು ಇರುವ ತೋಟಗಳೂ ಇವೆ. ಅವರಿಗೆ ಕನ್ನಡ ಓದಲು ಬಾರದು. ಆದ್ದರಿಂದ ದನಿ ಎರಡು: ಒಂದು ಕನ್ನಡದ್ದು, ನಮ್ಮ ಮೇಸ್ತ್ರಿಯ ಹೆಂಡತಿ ಹೇಳಿದ್ದು, ಇನ್ನೊಂದು ಹಿಂದಿಯದು, ಅಲ್ಲಿಂದ ಬಂದು ಇಲ್ಲೇ ನೆಲೆನಿಂತ ಹುಡುಗ ಹೇಳಿದ್ದು. ಪರಿಚಿತ ದನಿ ಕೇಳಿದರೆ ಜನ ಕೊನೆಯವರೆಗೂ ಕೇಳುತ್ತಾರೆ. ಯಂತ್ರದ ದನಿಯಾದರೆ ಸಾಲದ ಕಂಪನಿಯವರೆಂದು ಕಟ್ ಮಾಡುತ್ತಾರೆ.

ಸರ್ಕಾರ 2022ರಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರಿಗೆ ಆನೆ ಕಾರ್ಯಪಡೆ ಮಾಡಿದ ಮೇಲೆ ಸುದ್ದಿ ಬೇಗ ಸಿಗುತ್ತಿದೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಇದೆ. ಆದರೂ ಯಸಳೂರು ಎಂದ ಕೂಡಲೇ ಈ ಭಾಗದ ಎಲ್ಲರಿಗೂ ನೆನಪಾಗುವುದು ಅರ್ಜುನ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತವನು, ಕಳೆದ ಡಿಸೆಂಬರ್ 4ರಂದು ಅಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದ ಎದುರು ಸತ್ತ. ಪಳಗಿದ ಆನೆಗೇ ಹಾಗಾದರೆ, ಕೈಯಲ್ಲಿ ಊಟದ ಬುತ್ತಿ ಹಿಡಿದು ನಡೆದು ಹೋಗುವವರ ಪಾಡೇನು? ಕರೆ ಹೋಗಿದೆ ಎಂದರೆ ನನಗೆ ಸಾಲದು. ಎತ್ತಿಕೊಂಡರೋ ಇಲ್ಲವೋ ದಾಖಲಾಗಬೇಕು; ಎತ್ತದವರಿಗೆ ಎರಡು ನಿಮಿಷ ಬಿಟ್ಟು ಮತ್ತೆ, ಆಮೇಲೂ ಎತ್ತದಿದ್ದರೆ ಮೇಸ್ತ್ರಿಗೆ. ಆ ತುಂಡು ಇವತ್ತು ಬರೆದು ಮುಗಿಸಿದೆ.

ಸೆಪ್ಟೆಂಬರ್ 22, ಭಾನುವಾರ

ಅತ್ತೆಯ ಮಗ ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾನೆ. ರಜೆಗೆ ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವನಿಗೆ ಮೊದಲು ಅರ್ಥವಾಗದೇ ಹೋದದ್ದು ಸಮಯ. ಸರ್ವರಿನ ಗಡಿಯಾರ ಯುಟಿಸಿಯಲ್ಲಿ, ನಮಗಿಂತ ಐದೂವರೆ ತಾಸು ಹಿಂದೆ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಅದು ಯುಟಿಸಿಯಲ್ಲಿ ಸರಿಯಾಗಿ 3 ಗಂಟೆ. ರಾತ್ರಿ ಹನ್ನೆರಡಕ್ಕೆ ದಿನ ಬದಲಿಸಿದರೆ ಇಡೀ ಮಳೆಗಾಲದ ಲೆಕ್ಕ ಅಡ್ಡಾದಿಡ್ಡಿ. 3.9ರಿಂದ ಪೈಥಾನಿನೊಳಗೇ ಕಾಲವಲಯದ ಮಾಡ್ಯೂಲ್ ಬಂದಿದೆ, ಆದ್ದರಿಂದ ಹೊಸ ಕೋಡಿನಲ್ಲಿ ಇನ್ನೊಂದು ಹೊರಗಿನ ಲೈಬ್ರರಿ ಕಡಿಮೆಯಾಯಿತು.

"ಅಣ್ಣ, ಈಗ ಎಲ್ರೂ ಸರ್ವರೇ ಇಲ್ದೆ ಫಂಕ್ಷನ್ ಹಾಕ್ತಾರಲ್ಲ, ನೀನ್ಯಾಕೆ ಮಷೀನು ಇಟ್ಕೊಂಡಿದ್ದೀಯ?" ಎಂದ.

ಹೇಳಿದೆ. 2008ರ ಏಪ್ರಿಲ್‌ನಲ್ಲಿ ಗೂಗಲ್ ಆ್ಯಪ್ ಎಂಜಿನ್ ಶುರು ಮಾಡಿದಾಗ ಪೈಥಾನ್ ಒಂದೇ ನಡೆಯುತ್ತಿತ್ತು. ಅದಕ್ಕೂ ಮುಂಚೆ ಹೆರೋಕು ರೂಬಿಯವರಿಗಾಗಿ ಬಂತು. 2014ರಲ್ಲಿ ಅಮೆಜಾನ್ ಲ್ಯಾಂಬ್ಡಾ ನೋಡ್‌ನಿಂದ ಆರಂಭಿಸಿತು. ಕೋಡು ಕೊಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂಬ ಈ ದಾರಿ ಸ್ಕ್ರಿಪ್ಟ್ ಭಾಷೆಗಳಿಂದಲೇ ಹುಟ್ಟಿದ್ದು, ನಿಜಕ್ಕೂ ದೊಡ್ಡ ಉಪಕಾರ. ಆದರೆ ಅಲ್ಲಿ ಯಾವ ಆವೃತ್ತಿ ಯಾವಾಗ ನಿಲ್ಲಬೇಕೆಂದು ನಿರ್ಧರಿಸುವವರು ಅವರು. ಉಚಿತ ಎಂದದ್ದು ಉಚಿತವಾಗಿಯೇ ಇರುತ್ತದೆಂಬ ಮಾತೂ ಇಲ್ಲ. ಹೆರೋಕುವಿನ ಉಚಿತ ಸೇವೆ 2022ರ ನವೆಂಬರ್‌ನಲ್ಲಿ ಮುಗಿಯಿತು, ಎಷ್ಟೋ ವಿದ್ಯಾರ್ಥಿಗಳ ಆ್ಯಪ್‌ಗಳು ಅಂದೇ ಕಣ್ಣುಮುಚ್ಚಿದವು. ಸ್ವಂತ ಯಂತ್ರ ಇಟ್ಟರೆ ಆಪರೇಟಿಂಗ್ ಸಿಸ್ಟಮಿನ ಆರೈಕೆಯೂ ನಮ್ಮ ತಲೆಗೇ. ನನಗೆ ಅದು ಒಪ್ಪಿಗೆ, ಏಕೆಂದರೆ ಮಳೆಗಾಲ ನೋಡಿಕೊಂಡು ತಾರೀಕು ಇಡುವ ಹಕ್ಕು ಆಗ ನಮ್ಮ ಕೈಯಲ್ಲಿ.

ಅವನಿಗೆ ಸರ್ವರಿನ ಒಳಗೆ ಹೋಗಿ ಕಡತ ತೆರೆದು ಓದಲು ಹೇಳಿದೆ. ಇಂಚನ್ನು ಮಿಲಿಮೀಟರಿಗೆ ತಿರುಗಿಸುವ ಸಾಲು ಅವನೇ ಹುಡುಕಿದ. ಯಾರೂ ಹೇಳಿಕೊಡದೆ ಓದಬಹುದಾದ ಭಾಷೆ, ನಮ್ಮಂಥ ಊರಿಗೆ ಬೇಕಾದದ್ದು ಇದೇ. ನಾನು ಊರಲ್ಲಿಲ್ಲದ ದಿನ ಆಲೂರಿನ ಹುಡುಗನೊಬ್ಬ ಇದನ್ನು ತೆರೆದು ಸರಿಮಾಡಬಲ್ಲನಾದರೆ ಮಾತ್ರ ಇದು ಊರಿನ ಆ್ಯಪ್.

ಸೆಪ್ಟೆಂಬರ್ 30, ಸೋಮವಾರ

ಎರಡು ತೋಟಗಳು ಹೊಸ ಯಂತ್ರದ ಮೇಲೆ. ಅಂಕಿ ಸರಿ. ಹಿಂದಿ ದನಿಯ ಕಡತ ಹೊಸ ಕಂಟೇನರಿನಲ್ಲಿ ಸೇರಿಲ್ಲವೆಂದು ಪರೀಕ್ಷೆಯ ಕರೆಯಲ್ಲಿ ಗೊತ್ತಾಯಿತು, ಸೇರಿಸಿದ್ದಾಯಿತು. ಹಸ್ತ ಮಳೆ, ಸಂಜೆಗೆ ಗುಡುಗು.

ಅಕ್ಟೋಬರ್ 8, ಮಂಗಳವಾರ

ನಿನ್ನೆ 3.8ಕ್ಕೆ ವಿದಾಯ ಹೇಳಿದರು. ಅದೇ ದಿನ 3.13 ಬಿಡುಗಡೆಯಾಗಿದೆ. ಹೊಸದು ಬಂತೆಂದು ನಾವು ಜಿಗಿಯುವುದಿಲ್ಲ. ಲೈಬ್ರರಿಗಳು ಅದಕ್ಕೆ ಹೊಂದಿಕೊಳ್ಳಲಿ. 3.12ಕ್ಕೆ 2028ರ ಅಕ್ಟೋಬರ್‌ವರೆಗೆ ಭದ್ರತೆಯ ತೇಪೆ ಸಿಗುತ್ತದೆ, ನಮಗೆ ಅದು ಸಾಕು.

ಬೆಳಿಗ್ಗೆ ಎಲ್ಲ ತೋಟಗಳ ಅಂಕಿ ಬಂದು ಮುಗಿದ ಮೇಲೆ ಆ್ಯಪಿನ ಹೆಸರನ್ನು ಹೊಸ ಯಂತ್ರದ ವಿಳಾಸಕ್ಕೆ ತಿರುಗಿಸಿದೆವು. ಅತ್ತೆಯ ಮಗ ಹಾಸನದಿಂದಲೇ ಮಾಡಿದ, ನಾನು ಇಲ್ಲಿಂದ ನೋಡುತ್ತಿದ್ದೆ. ಡಿಎನ್‌ಎಸ್ ಅವಧಿಯನ್ನು ವಾರದ ಹಿಂದೆಯೇ ಐದು ನಿಮಿಷಕ್ಕೆ ಇಳಿಸಿದ್ದರಿಂದ ಫೋನುಗಳು ಬೇಗ ಹೊಸ ಕಡೆಗೆ ಬಂದವು. ಹಳೆಯದು ಕಾಫಿ ಕೊಯ್ಲು ಮುಗಿಯುವವರೆಗೆ ಆರಿಸದೆ ಇಡುತ್ತೇವೆ; ಖರ್ಚಿಗೆ ಚಿಕ್ಕಪ್ಪ ಮತ್ತು ಇನ್ನಿಬ್ಬರು ತೋಟದವರು ಒಪ್ಪಿದ್ದಾರೆ.

ಮಧ್ಯಾಹ್ನ ಕುಂದೂರು ಕಡೆ ಗದ್ದೆಯಂಚಿನಲ್ಲಿ ಆನೆಗಳ ಗುಂಪೊಂದು ಇದೆಯೆಂದು ಇಲಾಖೆಯ ಸುದ್ದಿ ಬಂತು. ಹೊಸ ಯಂತ್ರದಿಂದ ಹೋದ ಮೊದಲ ನಿಜವಾದ ಕರೆ ಅದು. ಎತ್ತದವರಿಗೆ ಎರಡನೆಯ ಕರೆ, ಅದನ್ನೂ ಎತ್ತದ ಒಂದು ಮನೆಗಾಗಿ ಮೇಸ್ತ್ರಿಗೆ ಮೂರನೆಯದು. ಮೇಸ್ತ್ರಿ ನಡೆದು ಹೋಗಿ ಹೇಳಿ ಬಂದರಂತೆ.

ಇನ್ನು ಉಳಿದದ್ದು ಬ್ಯಾಕಪ್. ತೆಗೆದಿಡುತ್ತಿದ್ದೇವೆ, ಅದರಿಂದ ಇಡೀ ಆ್ಯಪನ್ನು ಮತ್ತೆ ಎಬ್ಬಿಸಿ ನೋಡುವ ಕೆಲಸ ಇದೆ. ದೀಪಾವಳಿ ರಜೆಯಲ್ಲಿ ಹುಡುಗ ಬಂದಾಗ ಚಿಕ್ಕಪ್ಪನ ಲ್ಯಾಪ್‌ಟಾಪಿನ ಮೇಲೆ, ನನ್ನನ್ನು ಏನೂ ಕೇಳದೆ, ಅವನೊಬ್ಬನೇ ಮಾಡಬೇಕೆಂದು ಹೇಳಿದ್ದೇನೆ.