ಮಲೆನಾಡಿನಲ್ಲಿ ಕೂತು ಹಿಮ ಬಿಡಿಸುವುದು

ಶಿವಮೊಗ್ಗದಲ್ಲಿ ಆಷಾಢದ ಮಳೆ ಹಿಡಿದರೆ ತೈಲವರ್ಣ ಬೇಗ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಥಂಡಿಯಲ್ಲಿ ಆ ಕೆಲಸ ನಿಧಾನ. ದಪ್ಪಗೆ ಹಚ್ಚಿದ ಬಿಳಿ ಎಷ್ಟೋ ದಿನ ಬೆರಳಿಗೆ ಅಂಟುತ್ತಲೇ ಇರುತ್ತದೆ. ಆ ಹಸಿ ಬಿಳಿಯ ಮುಂದೆ ಕೂತಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ಕಣ್ಣಾರೆ ಹಿಮ ಕಾಣದ ನಾನು ಹಿಮ ಬಿದ್ದ ಕಾಡನ್ನೇ ಯಾಕೆ ಬಿಡಿಸುತ್ತೇನೆ?

ಮೊದಲು ಹೊಳೆಯುವ ಉತ್ತರ ಕಸುಬಿನದು. ಹಿಮ ಬರೀ ಬಿಳಿಯಲ್ಲ. ನೆರಳಲ್ಲಿರುವ ಹಿಮಕ್ಕೆ ಸೂರ್ಯ ತಾಗುವುದಿಲ್ಲ, ಆಕಾಶದ ಬೆಳಕಷ್ಟೇ ತಾಗುತ್ತದೆ. ಅದಕ್ಕೇ ಅಲ್ಲಿ ನೀಲಿ. ಬಿಸಿಲಿದ್ದಲ್ಲಿ ಬಿಳಿಗೆ ಚೂರು ಹಳದಿ ಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಕಾಂಡಗಳ ಕಪ್ಪು ಸಿಗುತ್ತದೆ. ಅಪ್ಪಟ ಟೈಟಾನಿಯಂ ವೈಟ್ ಕಟ್ಟಕಡೆಗೆ, ಅದೂ ಅಲ್ಲಲ್ಲಿ ಮಾತ್ರ. ರಷ್ಯಾದ ಇವಾನ್ ಶಿಶ್ಕಿನ್ 1890ರಲ್ಲಿ ಬಿಡಿಸಿದ ‘ಚಳಿಗಾಲ’ದ ಅಚ್ಚು ನೋಡುತ್ತಾ ನೋಡುತ್ತಾ ಇದು ನನಗೆ ಮನದಟ್ಟಾಯಿತು: ಎದುರಿಗೆ ನೆರಳಲ್ಲಿ ಮುಳುಗಿದ ಕಾಂಡಗಳು, ಹಿಂದೆ ಮರಗಳ ಸಂದಿಯಲ್ಲಿ ಒಂದಿಷ್ಟು ಬೆಳಕು, ಕೊಂಬೆಯ ಮೇಲೆ ಒಂಟಿ ಹಕ್ಕಿ.

ಆದರೆ ಕಸುಬೊಂದೇ ಪೂರ್ತಿ ಉತ್ತರವಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದವರೇ ಆದ ರೋರಿಕ್ ತಂದೆ-ಮಗನ ಚಿತ್ರಗಳಿವೆ. ತಂದೆ ನಿಕೊಲಾಯ್ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ ಹಿಮಾಲಯ ಬಿಡಿಸಿದವರು. ಮಗ ಸ್ವೆತೊಸ್ಲಾವ್ ಮುಂದೆ ಬೆಂಗಳೂರಿನ ಬಳಿಯ ತಾತಗುಣಿಯ ತೋಟಕ್ಕೆ ಬಂದರು. ನಗ್ಗರ್‌ನಲ್ಲಿ ಅವರಿಗೆ ಹಿಮ ಮನೆಯ ಬಾಗಿಲಲ್ಲೇ ಇತ್ತು. ನನಗೇನಿತ್ತು?

ನಾನು ಬೆಳೆದದ್ದು ಭದ್ರಾವತಿಯಲ್ಲಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಲು ಮಲೆನಾಡಿನ ಮರ ಇದ್ದಿಲಾಯಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಬಿದಿರು ಹೋಯಿತು, ಮುಂದೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ನಮ್ಮ ಮನೆಯ ಅನ್ನ ಆ ಊರಿನ ಕಾರ್ಖಾನೆಯದು. ಅದನ್ನು ಬಯ್ಯಲು ನನಗೆ ಬಾಯಿ ಬಾರದು, ಬಯ್ಯಬೇಕೆಂದೂ ಅನ್ನಿಸುವುದಿಲ್ಲ. ಆದರೆ ಮತ್ತಿ, ಹೊನ್ನೆ, ನಂದಿ ಮರಗಳನ್ನು ಬಿಡಿಸಹೊರಟರೆ ಕೈ ತಡೆಯುತ್ತದೆ. ಕ್ಯಾನ್ವಾಸಿನ ಮೇಲೆ ಮೊದಲ ಗೆರೆ ಎಳೆಯಲು ನಾನು ಹಿಡಿಯುವುದೂ ಇದ್ದಿಲನ್ನೇ. ಎಷ್ಟು ಮರ ಕುಲುಮೆಗೆ ಹೋದವು, ಅದರಲ್ಲಿ ನನ್ನ ಪಾಲೆಷ್ಟು ಎಂಬ ಲೆಕ್ಕ ಎದ್ದು ನಿಲ್ಲುತ್ತದೆ. ಹಿಮದ ನಾಡಿನ ಫರ್ ಮರಕ್ಕೆ, ಬರ್ಚ್ ಮರಕ್ಕೆ ನಾನು ಯಾವ ಬಾಕಿಯನ್ನೂ ಉಳಿಸಿಕೊಂಡಿಲ್ಲ. ಹಿಮ ಬಿದ್ದ ಕಾಡಿನಲ್ಲಿ ಕಡಿದ ಬುಡ ಕೂಡ ಮುಚ್ಚಿಹೋಗಿರುತ್ತದೆ. ಆ ಮುಚ್ಚುವಿಕೆ ನನಗೆ ಬೇಕಾಗಿತ್ತು. ಸೌಂದರ್ಯ ಎಂದುಕೊಂಡು ನಾನು ಹುಡುಕಿದ್ದರಲ್ಲಿ ಅರ್ಧ ನೆಮ್ಮದಿಯೇ.

ಇಷ್ಟು ತಿಳಿದ ಮೇಲೂ ಹಿಮ ಬಿಡುವ ಮನಸ್ಸಿಲ್ಲ. ಅದು ನನ್ನ ಕಣ್ಣು ತಿದ್ದಿದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮೊದಲೆಲ್ಲ ನನಗೆ ಅವು ಬಿಳಿ ಚುಕ್ಕೆಗಳು. ಈಗ ರೆಕ್ಕೆಯಡಿಯ ನೀಲಿ, ಎಲೆಯಿಂದ ಹೊಟ್ಟೆಗೆ ಹೊಡೆದ ಹಸಿರು ಬೇರೆ ಬೇರೆಯಾಗಿ ಕಾಣುತ್ತವೆ.

ಮಲೆನಾಡಿನಲ್ಲಿ ಕುಂಚ ಹಿಡಿದಿರುವ ಹುಡುಗ ಹುಡುಗಿಯರೇ, ಹಿಮ ಬಿಡಿಸಬೇಕೆನಿಸಿದರೆ ಖಂಡಿತ ಬಿಡಿಸಿ. ಜೊತೆಗೆ ಒಂದು ಮತ್ತಿ ಮರವನ್ನೂ ಬಿಡಿಸಿ, ಪಕ್ಕದಲ್ಲಿ ಕಡಿದ ಬುಡವಿದ್ದರೆ ಅದನ್ನೂ ಸೇರಿಸಿ.