ಇಲ್ಲದ ಗಾಡಿಯ ಒಡೆಯ

ಕಾರುಳ್ಳವರಿಗೆ ಒಂದು ಕಾರಿರುತ್ತದೆ; ಹೆಚ್ಚೆಂದರೆ ಎರಡು. ಇಲ್ಲದವನ ಐಶ್ವರ್ಯಕ್ಕೆ ಅಂಥ ಮಿತಿಯೇನೂ ಇಲ್ಲ. ನನ್ನ ಮನೆಯ ಮುಂದೆ ನಿಂತಿರುವುದು ಹನ್ನೆರಡು ವರ್ಷದ ಒಂದು ಸ್ಕೂಟರು. ಮನಸ್ಸಿನ ಲಾಯದಲ್ಲಿ ಕಟ್ಟಿರುವ ಗಾಡಿಗಳ ಮಾತೇ ಬೇರೆ. ಅವಕ್ಕೆ ವಿಮೆ ಬೇಡ, ಪೆಟ್ರೋಲು ಬೇಡ, ನಿಲ್ಲಿಸಲು ಜಾಗ ಬೇಡ. ಪರೀಕ್ಷೆಯ ಮೇಲ್ವಿಚಾರಣೆಯ ಮೂರು ಗಂಟೆ ಸಿಕ್ಕರೆ ಸಾಕು. ವಿದ್ಯಾರ್ಥಿಗಳು ತಲೆ ತಗ್ಗಿಸಿ ಬರೆಯತೊಡಗಿದ ಕೂಡಲೆ ನಾನು ಲಾಯದ ಬಾಗಿಲು ತೆಗೆಯುತ್ತೇನೆ.

ಅಲ್ಲಿ ಅಗ್ರಪೂಜೆ ಜಾಗ್ವಾರ್ ಇ-ಟೈಪಿಗೆ. ೧೯೬೧ರ ಮಾರ್ಚಿಯಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮ ಸಂಬಂಧಕ್ಕೆ ಅದೇನೂ ಅಡ್ಡಿಯಾಗಿಲ್ಲ. ಆ ಕಾರಿನಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಮೂತಿಯೇ. ಆನೆಯ ಬಾಲದ ಬುಡದಲ್ಲಿ ಮಾವುತ ಕುಳಿತ ಹಾಗೆ, ಓಡಿಸುವವನು ಹಿಂದಿನ ಗಾಲಿಯ ಹತ್ತಿರ ಕುಳಿತಿರುತ್ತಾನೆ. ಗಂಟೆಗೆ ೧೫೦ ಮೈಲಿ ಓಡುತ್ತದೆಂದು ಆಗ ಸಾರಿದ್ದರು. ಆ ಲೆಕ್ಕದಲ್ಲಿ ಮೈಸೂರು ಬಿಟ್ಟರೆ ಮುಕ್ಕಾಲು ಗಂಟೆಯೊಳಗೆ ಬೆಂಗಳೂರು. ಮದ್ದೂರಿನ ವಡೆಯನ್ನು ಇದರಲ್ಲಿ ಸೇರಿಸಿಲ್ಲ. ಆದರೆ ವಡೆಗೆ ನಿಲ್ಲದ ವೇಗವನ್ನು ಕಟ್ಟಿಕೊಂಡು ಮಾಡುವುದೇನು?

ಇಷ್ಟಾದರೂ ನನ್ನ ಜೀವವಿರುವುದು ಯೆಜ್ದಿಯಲ್ಲಿ. ಜಾಗ್ವಾರು ಚಿತ್ರದಲ್ಲಿ ಕಂಡದ್ದು; ಯೆಜ್ದಿ ಕಿವಿಯಲ್ಲಿ ಬೆಳೆದದ್ದು. ಚೆಕೊಸ್ಲೊವಾಕಿಯದ ಜಾವಾ ಮೋಟಾರ್‌ಸೈಕಲನ್ನು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ತಯಾರಿಸತೊಡಗಿತು. ೧೯೭೩ರಲ್ಲಿ ಅದಕ್ಕೆ ಯೆಜ್ದಿ ಎಂಬ ಹೆಸರಾಯಿತು. ನಾನು ಹುಡುಗನಾಗಿದ್ದಾಗ ಗಾಡಿ ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಅದು ಯಾರದೆಂದು ಸದ್ದಿನಿಂದ ಹೇಳುತ್ತಿದ್ದೆವು. ಅದರ ಇನ್ನೊಂದು ಚಮತ್ಕಾರವನ್ನು ಹೇಳದೆ ಇರಲಾರೆ. ಒದೆದು ಎಂಜಿನ್ನನ್ನು ಎಬ್ಬಿಸಿದ ಕಿಕ್ಕರನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು! ಒಂದೇ ಧಾತುವಿನಿಂದ ಎರಡು ಕ್ರಿಯಾಪದ ಹೊರಡಿಸಿದ ಈ ಜಾಣತನ ವ್ಯಾಕರಣ ಪಾಠ ಹೇಳುವವನಿಗೆ ಹಿಡಿಸದೆ ಹೋದೀತೆ? ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೨೨ರಲ್ಲಿ ಹೆಸರು ಮರಳಿ ಬಂದಿತು, ಹೊಗೆ ಬರಲಿಲ್ಲ. ನನ್ನದು ಹಳೆಯದು, ಎರಡು ಸೈಲೆನ್ಸರಿನದು, ನೀಲಿ ಹೊಗೆಯದು.

ಅದನ್ನು ಬೆಳಗಿನ ನಾಲ್ಕೂವರೆಗೆ ಹೊರತೆಗೆಯುತ್ತೇನೆ. ಬೆಂಗಳೂರಿನ ಹೊಸ ಹೆದ್ದಾರಿಯ ಕಡೆ ತಿರುಗುವುದಿಲ್ಲ. ೨೦೨೩ರ ಆಗಸ್ಟ್ ೧ರಿಂದ ಅಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದಾರೆ. ಕನಸಿನಲ್ಲೂ ಕಾನೂನು ಮೀರದವನು ಮೇಷ್ಟರಲ್ಲದೆ ಇನ್ನಾರು? ನಂಜನಗೂಡು, ಗುಂಡ್ಲುಪೇಟೆ ದಾಟಿ, ರಾತ್ರಿ ಮುಚ್ಚಿದ್ದ ಬಂಡೀಪುರದ ಗೇಟು ಆರಕ್ಕೆ ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಕಾಡಿನ ಮೇಲೆ ಮಂಜು. ಜೇಬಿನಲ್ಲಿ ಮೌಲ್ಯಮಾಪನದ ಆದೇಶವಿಲ್ಲ, ಅಮ್ಮನ ಮಾತ್ರೆಯ ಚೀಟಿಯಿಲ್ಲ, ಮಗಳ ಶಾಲೆಯ ಫೀಜಿನ ಕೊನೆಯ ದಿನವಿಲ್ಲ. ಆ ಒಂದು ಗಳಿಗೆ ನಾನು ಯಾರ ಮಗನೂ ಅಲ್ಲ, ಯಾರ ತಂದೆಯೂ ಅಲ್ಲ.

ಈ ಸವಾರಿಯ ವರ್ಣನೆಯನ್ನು ಒಂದು ಸಂಜೆ ನನ್ನಾಕೆಯ ಮುಂದೆ ಮಾಡಿದೆ. ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಪೂರ್ತಿ ಕೇಳಿ, “ಎಲ್ಲಾ ಸರಿ ರೀ, ಹಿಂದೆ ಯಾರು ಕೂತಿರ್ತಾರೆ?” ಎಂದಳು. ತಕರಾರಿನ ದನಿಯಲ್ಲ, ಗಾಡಿ ಎಷ್ಟು ಮೈಲೇಜು ಕೊಡುತ್ತದೆ ಎಂದು ಕೇಳಿದ ಹಾಗೆ. ಮೂವತ್ತು ವರ್ಷದ ಓಡಾಟದಲ್ಲಿ ಆ ಸೀಟಿನ ಕಡೆ ನಾನು ತಿರುಗಿ ನೋಡಿದ್ದೇ ಇಲ್ಲ.

“ಚೀಲ,” ಎಂದೆ.

ನಕ್ಕಳು. ನಾಲ್ಕು ಕಾಯಿ ಬಿಡಿಸಿದ ಮೇಲೆ, “ಹೈಸ್ಕೂಲಿನಲ್ಲಿದ್ದಾಗ ನನಗೂ ಯೆಜ್ದಿ ಹುಚ್ಚಿತ್ತು. ಹಿಂದೆ ಕೂರೋದಲ್ಲ, ಓಡಿಸೋದು,” ಎಂದಳು.

ಹದಿನೆಂಟು ವರ್ಷದ ಸಂಸಾರದಲ್ಲಿ ಈ ಮಾತನ್ನು ಕೇಳಿದ್ದು ಅದೇ ಮೊದಲು.

“ನಿನ್ನ ಹಿಂದೆ ಯಾರು?” ಎಂದೆ.

“ಯಾರೂ ಇಲ್ಲ,” ಎಂದು ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಎಡೆ ಉಳಿಯುತ್ತಿತ್ತಂತೆ. ವಾನರರನ್ನೆಲ್ಲ ಕೂರಿಸಿಕೊಂಡು ಲಂಕೆಯಿಂದ ಅಯೋಧ್ಯೆಗೆ ಬಂದ ವಾಹನ ಅದು. ನಮ್ಮಂಥವರ ಕನಸುಗಳಿಗೆ ಅಷ್ಟು ಔದಾರ್ಯವಿಲ್ಲ. ಇ-ಟೈಪಿನಲ್ಲೂ ಇದ್ದದ್ದು ಎರಡೇ ಆಸನ. ೧೯೬೬ರಲ್ಲಿ ಕಂಪನಿಯವರು ಸಂಸಾರಸ್ಥರ ಮೇಲೆ ಮನಕರಗಿ, ಮುಂದಿನ ಹಿಂದಿನ ಗಾಲಿಗಳ ನಡುವೆ ಒಂಬತ್ತು ಅಂಗುಲ ಹೆಚ್ಚಿಸಿ, ಹಿಂದೆ ಎರಡು ಪುಟ್ಟ ಆಸನಗಳನ್ನಿಟ್ಟ ಇನ್ನೊಂದು ಬಗೆಯನ್ನು ತಂದರು. ಸೂರು ಕೊಂಚ ಎತ್ತರವಾಯಿತು. ಬೆನ್ನಿನ ಇಳಿಜಾರು ಮೊದಲಿನಂತೆ ಉಳಿಯಲಿಲ್ಲ. ಎಷ್ಟು ಸಲ ಚಿತ್ರ ನೋಡಿದರೂ ನನಗೆ ಮೊದಲಿನದೇ ಚೆಂದ.

ಮೊನ್ನೆ ಮತ್ತೆ ಬಂಡೀಪುರದ ಗೇಟಿಗೆ ಹೋಗಿದ್ದೆ. ಆರಕ್ಕೆ ಇನ್ನೂ ಐದು ನಿಮಿಷವಿತ್ತು. ನನಗಿಂತ ಮುಂಚೆ ಬಂದ ಇನ್ನೊಂದು ಯೆಜ್ದಿ ಅಲ್ಲಿ ನಿಂತಿತ್ತು. ಅದಕ್ಕೆ ಯಾವ ಬಣ್ಣ ಎಂದು ಆಕೆಯನ್ನು ಇನ್ನೂ ಕೇಳಿಲ್ಲ.