ಅಜ್ಜಿಯ ಓಟು

ದೇವರು ಶಿಕ್ಷಿಸುತ್ತಾನೆಂಬ ಹೆದರಿಕೆ ಇದ್ದಾಗ ಮನುಷ್ಯ ತನ್ನಿಷ್ಟದಂತೆ ನಡೆಯಲು ಸಾಧ್ಯವೇ? ತರಗತಿಯಲ್ಲಿ ಈ ಚರ್ಚೆ ಬಂದಾಗ ನನಗೆ ನೆನಪಾದದ್ದು ನಮ್ಮಜ್ಜಿ.

2023ರ ಮೇ 10ರಂದು ವಿಧಾನಸಭೆ ಚುನಾವಣೆ. ಎರಡು ದಿನ ಮುಂಚೆ ರಾತ್ರಿ ಕೆಲವರು ಅಜ್ಜಂಪುರ ಕಡೆಯ ನಮ್ಮೂರಿಗೆ ಬಂದರು. ಅಂತರಘಟ್ಟಮ್ಮನ ಭಂಡಾರ ಮುಟ್ಟಿಸಿ, ನನ್ನ ತಲೆ ಮೇಲೆ ಅಜ್ಜಿಯ ಕೈ ಇಡಿಸಿ, ಇಂಥವರಿಗೇ ಓಟು ಹಾಕ್ತೀನಿ ಅಂತ ಆಣೆ ಮಾಡಿಸಿದರು. ಓಟಿನ ದಿನ ಅಜ್ಜಿ ಊಟವನ್ನೇ ಮಾಡಲಿಲ್ಲ. "ಒಳಗೆ ಯಾರೂ ನೋಡಲ್ಲ ಅಜ್ಜಿ" ಅಂದೆ. "ಅಮ್ಮ ನೋಡ್ತಾಳಲ್ಲೋ" ಅಂದಳು.

ನಮ್ಮ ಸಮಾಜ ಮೇಷ್ಟ್ರು ಹೇಳಿದರು: 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಪ್ರಕಾರ, ದೇವರ ಕೋಪ ನಿನಗೋ ನಿನ್ನವರಿಗೋ ತಟ್ಟುತ್ತದೆಂದು ಅಭ್ಯರ್ಥಿಯ ಕಡೆಯವರು ಮತದಾರರನ್ನು ನಂಬಿಸಿದರೆ, ಅದು ಸ್ವತಂತ್ರವಾಗಿ ಓಟು ಹಾಕುವ ಹಕ್ಕಿಗೆ ಅಡ್ಡಿ. ಅಂದರೆ ಆ ಹೆದರಿಕೆ ಇದ್ದಲ್ಲಿ ಸ್ವಂತ ಇಚ್ಛೆ ನಡೆಯದು ಎಂದು ಕಾನೂನೇ ಒಪ್ಪಿದಂತಾಯಿತು.

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಜೂನ್‌ನಲ್ಲಿ ನನಗೆ ಜ್ವರ ಬಂತು. ಅಜ್ಜಿ ಗಾಬರಿಯಾಗಿ ಅಮ್ಮನಿಗೆ ತಪ್ಪುಕಾಣಿಕೆ ಕಟ್ಟಿಟ್ಟಳು. ಯಾವ ತಪ್ಪಿಗೆ ಅಂತ ಹೇಳಲಿಲ್ಲ, ನನಗೆ ಗೊತ್ತಾಯಿತು. ಅಷ್ಟು ಹೆದರಿದ್ದವಳು ಆಣೆ ಮುರಿದೇ ಓಟು ಹಾಕಿದ್ದಳು! ನಿಜ ಹೇಳಬೇಕೆಂದರೆ, ನನ್ನ ತಲೆಯನ್ನೇ ಪಣಕ್ಕಿಟ್ಟಳಲ್ಲಾ ಅಂತ ಸ್ವಲ್ಪ ಸಿಟ್ಟೂ ಬಂತು.

ತರೀಕೆರೆ ಡಾಕ್ಟರ ಮಾತ್ರೆಗೆ ಜ್ವರ ಇಳಿಯಿತು. ಕಾಣಿಕೆಯಿಂದ ಇಳಿಯಿತು ಅಂತಾಳೆ ಅಜ್ಜಿ. "ಅವರು ಮತ್ತೆ ಬಂದ್ರೆ ಏನ್ಮಾಡ್ತೀಯಜ್ಜಿ?" ಅಂತ ಕೇಳಿದೆ.

"ನಿನ್ನ ಕಡೂರಿಗೆ ಅತ್ತೆ ಮನೇಗೆ ಕಳಿಸಿಬಿಡ್ತೀನಿ. ಮುಟ್ಟಿಸೋಕೆ ತಲೇನೇ ಸಿಗಬಾರದು" ಅಂದಳು.